ಎರಿ ನೆಲದ ಆಟಗಳು

ನಮ್ಮ ಕಡೆ ಆಟಕ್ಕೊಂದು ಪಂಚಾಂಗ ಯಾರೂ ಬರೆದಿಟ್ಟಿರಲಿಲ್ಲ. ಆದರೂ ಗೋಲಿ ಬಿಟ್ಟು ಬುಗರಿ ಹಿಡಿಯುವುದು ಯಾವಾಗ, ಬುಗರಿ ಕೆಳಗಿಟ್ಟು ಗಾಳಿಪಟ ಏರಿಸುವುದು ಯಾವಾಗ ಎಂಬುದು ಇಂಡಿಯಿಂದ ಮುದ್ದೇಬಿಹಾಳದವರೆಗೂ ಹುಡುಗರಿಗೆಲ್ಲ ಹೆಚ್ಚುಕಡಿಮೆ ಒಂದೇ ಸಲಕ್ಕೆ ಗೊತ್ತಾಗುತ್ತಿತ್ತು. ಅದನ್ನು ತಿಳಿಸುತ್ತಿದ್ದುದು ನೆಲ, ಗಾಳಿ ಮತ್ತು ಬೆಳೆ. ಎರಿ ಭೂಮಿ ಬಿರಿದಾಗ ಒಂದು ಆಟ, ಹಸಿಯಾದಾಗ ಇನ್ನೊಂದು, ಕಣದಲ್ಲಿ ರಾಶಿ ಬಿದ್ದಾಗ ಮತ್ತೊಂದು.

ನಾನು ಹುಟ್ಟಿ ಬೆಳೆದದ್ದು ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಸೋದರತ್ತೆಯ ಮನೆ ಇಂಡಿ ಕಡೆ, ಲಿಂಬಿ ಗಿಡಗಳ ನಡುವೆ. ದೊಡ್ಡಕ್ಕನನ್ನು ಕೊಟ್ಟದ್ದು ಮುದ್ದೇಬಿಹಾಳ ತಾಲೂಕಿನ ಕೃಷ್ಣಾ ದಂಡೆಯ ಊರಿಗೆ. ಹೈಸ್ಕೂಲು ಓದುವಾಗ ಬಸವನಬಾಗೇವಾಡಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ಹೀಗಾಗಿ 1970–80ರ ದಶಕಗಳಲ್ಲಿ, ಜಿಲ್ಲೆಗೆ ಇನ್ನೂ ಬಿಜಾಪುರ ಎಂದೇ ಹೆಸರಿದ್ದಾಗ, ಈ ನಾಲ್ಕೂ ತಾಲೂಕುಗಳ ಧೂಳಿನಲ್ಲಿ ಆಡುವ ಭಾಗ್ಯ ನನ್ನದಾಯಿತು. ನನ್ನ ವಾರಿಗೆಯವರು ಇದನ್ನು ಓದಿದರೆ ತಮ್ಮ ತಮ್ಮ ಊರಿನ ಹೆಸರು ಸೇರಿಸಿಕೊಂಡು ಓದಲಿ. ಆಟ ಎಲ್ಲ ಕಡೆ ಅದೇ ಇತ್ತು.

ಬ್ಯಾಸಿಗಿಯಲ್ಲಿ ನಮ್ಮ ಹೊಲಗಳು ಹೇಗೆ ಬಿರಿಯುತ್ತವೆ ಎಂಬುದು ಮಲೆನಾಡಿನವರಿಗೆ, ಹಳೆ ಮೈಸೂರಿನವರಿಗೆ ನೋಡದೆ ತಿಳಿಯುವುದಿಲ್ಲ. ಮೊಣಕೈವರೆಗೆ ಕೈ ಇಳಿಯುವಷ್ಟು ಬಿರುಕು. ಅಂಥ ನೆಲದಲ್ಲಿ ಗೋಲಿ ಆಡಿದರೆ ಗೋಲಿ ಹೋಯಿತೆಂದೇ ಲೆಕ್ಕ. ಒಮ್ಮೊಮ್ಮೆ ಆಸೆ ಬಿಡಲಾರದೆ ಜೋಳದ ದಂಟಿನ ತುದಿಗೆ ಬೇವಿನ ಅಂಟು ಮೆತ್ತಿ, ಬಿರುಕಿನೊಳಗೆ ಇಳಿಬಿಟ್ಟು, ಉಸಿರು ಬಿಗಿಹಿಡಿದು ಮೇಲೆತ್ತುತ್ತಿದ್ದೆವು. ಅಂಟಿಗೆ ಬರುತ್ತಿದ್ದುದು ಹೆಂಟೆಯ ಚೂರೇ ಹೆಚ್ಚು. ಅದಕ್ಕೇ ಗೋಲಿಯ ಆಟವೆಲ್ಲ ಹಣಮಪ್ಪನ ಗುಡಿ ಮುಂದಿನ ಗರಸಿನ ನೆಲದಲ್ಲಿ. ಅಲ್ಲಿ ಹಿಮ್ಮಡಿ ತಿರುವಿ ಒಂದು ಕುಣಿ ತೋಡಿದರೆ ಮಳೆಗಾಲದ ತನಕ ಅದು ಹಾಗೇ ಇರುತ್ತಿತ್ತು. ಸೋತವನು ಮುಷ್ಟಿ ಬಿಗಿಹಿಡಿದು ಬೆರಳಿನ ಗೆಣ್ಣಿನಿಂದ ಗೋಲಿ ತಳ್ಳಿಕೊಂಡು ಕುಣಿ ಮುಟ್ಟಿಸಬೇಕು. ಗೆಣ್ಣು ಸುಲಿದು ರಕ್ತ ಬಂದರೂ ನಡುವೆ ಎದ್ದು ಹೋಗುವ ಹಾಗಿಲ್ಲ. ಮನೆಯಲ್ಲಿ ಕೇಳಿದರೆ ಬಿದ್ದೆ ಎಂದರಾಯಿತು.

ಚಿಣಿಫಣಿಗೆ ಮಾತ್ರ ಬಯಲು ಬೇಕು. ಎರಡೂ ತುದಿ ಚೂಪು ಮಾಡಿದ ಗೇಣುದ್ದದ ಚಿಣಿ, ಮೊಳ ಮೀರಿದ ಫಣಿ. ಜಾಲಿಯ ಕಟ್ಟಿಗೆಯಾದರೆ ಗಟ್ಟಿ. ಬಡಿಗೇರ ಅಣ್ಣ ಕುಂಟಿ, ಕೂರಿಗೆ ಕೆತ್ತುವ ನಡುವೆ ಪುರಸೊತ್ತು ಮಾಡಿಕೊಂಡು ಚಿಣಿ ಕೆತ್ತಿ ಕೊಡುತ್ತಿದ್ದ. ಬದಲಿಗೆ ಅವನ ತಿದಿ ಒತ್ತಬೇಕು. ಸುಗ್ಗಿ ಮುಗಿದ ಹೊಲದಲ್ಲಿ ಆಡೋಣವೆಂದರೆ ಜೋಳದ ಕೂಳೆ ಬರಿಗಾಲಿಗೆ ನಾಟುತ್ತಿತ್ತು. ಹೀಗಾಗಿ ಊರ ಹೊರಗಿನ ಗಾಯರಾಣವೇ ನಮ್ಮ ಕ್ರೀಡಾಂಗಣ. ದನ ಮೇಯುತ್ತಿದ್ದವು, ನಾವು ಆಡುತ್ತಿದ್ದೆವು, ಯಾರಿಗೆ ಯಾರೂ ಅಡ್ಡಿಯಿರಲಿಲ್ಲ. ಹುತುತು, ಖೋಖೋ, ಏಳು ಹಂಚಿನ ಚೂರು ಪೇರಿಸಿದ ಲಗೋರಿ, ಗಿಡಮಂಗನಾಟ ಎಲ್ಲವೂ ಅಲ್ಲೇ. ಲಗೋರಿಯ ಚಂಡು ಅರಿವಿಯದು. ಹಳೆ ಧೋತರದ ಚಿಂದಿ ಸುತ್ತಿ, ಮೇಲೆ ಸೈಕಲ್ ಟ್ಯೂಬನ್ನು ಬಳೆಯಾಗಿ ಕತ್ತರಿಸಿ ಒಂದರ ಮೇಲೊಂದು ಹಾಕಿದರೆ ಪುಟಿಯುವ ಚಂಡು ತಯಾರು. ಬೆನ್ನಿಗೆ ಬಿದ್ದರೆ ಸಂಜೆತನಕ ಚುರುಚುರು.

ಮೊದಲ ಮಳೆ ಬಿದ್ದ ಮರುದಿನ ಆಟ ಬದಲು. ಎರಿ ಮಣ್ಣು ಕಾಲಿಗೆ ಅಂಟಿ, ಪಾದ ಒಂದೊಂದು ಸೇರು ಭಾರವಾಗಿ, ಓಡುವ ಆಟ ಸಾಧ್ಯವಿರಲಿಲ್ಲ. ಆಗ ಕಬ್ಬಿಣದ ಸಳಿ ಹೊರಗೆ ಬರುತ್ತಿತ್ತು. ಹಸಿ ನೆಲಕ್ಕೆ ಸಳಿ ಎಸೆದು ನಾಟಿಸುತ್ತ ಮುಂದೆ ಹೋಗಬೇಕು. ನಾಟದೆ ಮಲಗಿದರೆ ಆಟ ಮುಗಿಯಿತು, ಸೋತವನು ಅಲ್ಲಿಂದ ಕುಂಟುತ್ತ ಮರಳಬೇಕು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ, ಮೈಮೇಲೆ ಜೂಲ. ಅಗಸಿಯಲ್ಲಿ ಕರಿ ಹರಿಯುವುದು. ಬಿಳಿ ಎತ್ತು ಮುಂದಾದರೆ ಜೋಳ ಛಲೋ, ಕೆಂದೆತ್ತು ಮುಂದಾದರೆ ಕೆಂಪು ಕಾಳು ಛಲೋ ಎಂದು ಹಿರಿಯರು ಹೇಳುತ್ತಿದ್ದರು. ಆಗ ಇಡೀ ಊರೇ ಹುಡುಗರ ಜತೆ ಓಡುತ್ತಿತ್ತು. ಅದಾದ ಮೇಲೆ ಮಣ್ಣೆತ್ತಿನ ಅಮವಾಸ್ಯೆ. ಕೆರೆಯ ಎರಿ ತಂದು, ನಾದಿ, ಎತ್ತು ಮಾಡುವ ಕೆಲಸ ನಮ್ಮದು. ಹೆಣ್ಣುಮಕ್ಕಳಿಗೆ ಆಷಾಢದ ಮಂಗಳವಾರದ ಗುಳ್ಳವ್ವ. ಅದೇ ಮಣ್ಣು, ಬೇರೆ ಕೈ.

ಆಷಾಢದ ಗಾಳಿಗೆ ಗಾಳಿಪಟ. ಬಿದಿರು ಸಿಗದ ನಮ್ಮ ಕಡೆ ಪಟದ ಬೆನ್ನೆಲುಬು ಕಸಬರಿಗೆಯ ಕಡ್ಡಿ, ಅಂಟು ಅನ್ನದ ಗಂಜಿಯದು, ಬಾಲ ಅವ್ವನ ಹಳೆ ಸೀರೆಯ ಅಂಚಿನದು. ಎಷ್ಟೋ ವರ್ಷಗಳ ಮೇಲೆ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಸುಂಪಾಂಗೊ ಎಂಬ ಊರಿನ ಗಾಳಿಪಟಗಳ ಚಿತ್ರ ನೋಡಿದೆ. ಅಲ್ಲಿನವರು ಪ್ರತಿ ನವೆಂಬರ್ 1ರಂದು ತೀರಿಕೊಂಡವರ ನೆನಪಿಗೆ ಮನೆಗಿಂತ ಎತ್ತರದ ಪಟಗಳನ್ನು ಬಿದಿರು ಮತ್ತು ತೆಳು ಬಣ್ಣದ ಕಾಗದದಿಂದ ಕಟ್ಟಿ ನಿಲ್ಲಿಸುತ್ತಾರೆ. ಚಿಕ್ಕವನ್ನು ಹಾರಿಸುತ್ತಾರೆ. ಸತ್ತವರಿಗೂ ಬದುಕಿದ್ದವರಿಗೂ ಅದು ಮಾತುಕತೆಯ ದಾರಿ ಎಂಬ ನಂಬಿಕೆ. ಆ ಪಟ ಕಟ್ಟುವ ಕಲೆಯನ್ನು 2024ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ದೇಶದ ಹುಡುಗರು ಇಂದಿಗೂ ದಾರ ಸುತ್ತಿ ಕಟ್ಟಿಗೆಯ ಬುಗರಿ ತಿರುಗಿಸುತ್ತಾರಂತೆ, ಗೋಲಿ ಆಡುತ್ತಾರಂತೆ. ಕೇಳಿ ಎದೆ ತುಂಬಿ ಬಂತು. ನಾವು ಕೈಬಿಟ್ಟದ್ದನ್ನು ಬೇರೆಲ್ಲೋ ಯಾರೋ ಜೋಪಾನ ಮಾಡಿದ್ದಾರೆ ಎಂಬ ಸಮಾಧಾನ ಅದು.

ಆದರೆ ವರ್ಷದ ಆಟಗಳಿಗೆಲ್ಲ ಅರಸು ನಾಗರ ಪಂಚಮಿ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಶೇಂಗಾದುಂಡಿ, ಎಳ್ಳುಂಡಿ, ಅಳ್ಳಿಟ್ಟು, ಜೋಳದ ಅಳ್ಳು, ಡಬ್ಬಿಗಟ್ಟಲೆ. ಬೇವಿನ ಗಿಡಕ್ಕೆ ಹಗ್ಗದ ಜೋಕಾಲಿ. ಇಬ್ಬರು ಎದುರುಬದುರು ನಿಂತು ಜೀಕುತ್ತಿದ್ದರೆ ಟೊಂಗೆ ಕಿರುಗುಟ್ಟುತ್ತಿತ್ತು. ದೊಡ್ಡಕ್ಕ ಎಲ್ಲರಿಗಿಂತ ಮೇಲೆ ಜೀಕಿ, ಕಾಲಲ್ಲಿ ಬೇವಿನ ಎಲೆ ಮುಟ್ಟಿ ಬರುತ್ತಿದ್ದಳು. ಅತ್ತೆಮನೆಯಲ್ಲಿ ತಲೆ ಮೇಲಿನ ಸೆರಗು ಜಾರಗೊಡದ ಅಕ್ಕ, ಈ ಬೇವಿನ ಗಿಡದ ಕೆಳಗೆ ಮಾತ್ರ ನಮ್ಮ ಹಳೇ ಅಕ್ಕ ಆಗುತ್ತಿದ್ದಳು.

ಗಂಡಸರ ಪಂಚಮಿ ಊರ ಹೊರಗೆ, ಲಿಂಬೆಹಣ್ಣು ಒಗೆಯುವ ಪಣದಲ್ಲಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಾಗ ಪತ್ರಿಕೆಗಳು ಅದರ ರಸ, ವಾಸನೆ, ತಾಳಿಕೆಯ ಬಗ್ಗೆ ಬರೆದವು. ಅದರ ಇನ್ನೊಂದು ಗುಣ ನಮಗೆ ಹುಡುಗಾಟದಲ್ಲೇ ಗೊತ್ತಿತ್ತು. ಎಷ್ಟು ಒಗೆದರೂ ಬೇಗ ಒಡೆಯುತ್ತಿರಲಿಲ್ಲ. ಪಂಚಮಿಗೆ ನಾಲ್ಕು ದಿನ ಮುಂಚೆ ಸೋದರತ್ತೆ ಒಂದು ಚೀಲ ಹಣ್ಣು ಕಳಿಸುತ್ತಿದ್ದಳು. ಅದರಲ್ಲಿ ಆರಿಸುವುದೇ ಒಂದು ವಿದ್ಯೆ. ಹಳದಿ ತಿರುಗಿದ್ದು ಬೇಡ, ಎರಡನೆಯ ಒಗೆತಕ್ಕೇ ಸಿಡಿಯುತ್ತದೆ. ತೀರ ಎಳೆಯದು ಹಗುರ, ಗಾಳಿ ಸೀಳುವುದಿಲ್ಲ. ದಪ್ಪ ಸಿಪ್ಪೆಯ, ಅಂಗೈಯಲ್ಲಿ ಒತ್ತಿದರೆ ತುಸು ಮಾತ್ರ ಬಗ್ಗುವ ಹಸಿರು ಹಣ್ಣು ಬೇಕು.

ಪಣ ಹೀಗೆ. ನಮ್ಮೂರ ಅಗಸಿಯಿಂದ ಮುಂದಿನ ಊರ ಅಗಸಿಗೆ ಇಷ್ಟು ಒಗೆತದಲ್ಲಿ ಹಣ್ಣು ಮುಟ್ಟಿಸಬೇಕು. ಹಣ್ಣು ಎಲ್ಲಿ ಬಿತ್ತೋ ಅಲ್ಲಿಂದಲೇ ಮುಂದಿನ ಒಗೆತ. ಒಡೆದರೆ ಬಿದ್ದ ಜಾಗದಲ್ಲಿ ಹೊಸ ಹಣ್ಣು.

“ಏ ತಮ್ಮಾ, ಎಷ್ಟರಾಗ ಮುಟ್ಟಸ್ತಿ?”

“ಮೂವತ್ತರಾಗ ಮುಟ್ಟಸ್ತೀನ್ರಿ ಕಾಕಾ.”

“ಇಪ್ಪತ್ತೈದರಾಗ ಮುಟ್ಟಿಸಿದಿ ಅಂದ್ರ ಐದು ಬಟ್ಟಲ ಕೊಬ್ಬರಿ ನಂದು, ನೋಡು ಮತ್ತ!”

ಒಗೆಯುವವನು ಧೋತರ ಮೇಲೆ ಕಟ್ಟಿ, ನಾಲ್ಕು ಹೆಜ್ಜೆ ಓಡಿ, ಭುಜ ಹಿಂದಕ್ಕೆಳೆದು ಬಿಟ್ಟನೆಂದರೆ ಹಣ್ಣು ಹೆಸರಿನ ಹೊಲ ದಾಟಿ, ತೊಗರಿಯ ಸಾಲಿನಲ್ಲಿ ಬಿದ್ದು ಮಾಯ. ಹುಡುಕಲು ನಾವು ಓಡುತ್ತಿದ್ದೆವು. ಹಣ್ಣು ಸಿಕ್ಕವನು ಕೈಯೆತ್ತಿ ಕೂಗಬೇಕು, ಆದರೆ ಮುಟ್ಟುವ ಹಾಗಿಲ್ಲ. ಮುಂದೆ ಎರಡು ಹಲಗೆ ಬಾರಿಸುವವರು, ಹಿಂದೆ ಅರ್ಧ ಊರು. ದಾರಿಯಲ್ಲಿ ಹಳ್ಳ ಬಂದರೆ ಎಲ್ಲರ ಮೈಯೂ ಬಿಗಿಯುತ್ತಿತ್ತು. ಹಣ್ಣು ನೀರಿಗೆ ಬಿದ್ದರೆ ಈ ದಂಡೆಯಿಂದಲೇ ಮತ್ತೆ ಒಗೆಯಬೇಕಲ್ಲ. ಕಡೆಯ ಒಗೆತಗಳಲ್ಲಿ ತೋಳು ಸೋತು, ಹಣ್ಣು ಅರ್ಧ ದೂರಕ್ಕೇ ಬೀಳುತ್ತಿತ್ತು. ಆಗ ಪಣ ಕಟ್ಟಿದ ಎದುರಾಳಿ ಕಾಕಾನೇ ಹತ್ತಿರ ಬಂದು ಅವನ ರಟ್ಟೆ ತಿಕ್ಕಿ, “ಒಗಿಯಪಾ, ಇನ್ನೇನ ಅಗಸಿ ಕಾಣಾಕತ್ತೇತಿ” ಎನ್ನುತ್ತಿದ್ದ. ಗೆದ್ದ ಕೊಬ್ಬರಿ ಅಲ್ಲೇ ಒಡೆದು ಆ ಊರಿನವರಿಗೂ ನಮಗೂ ಹಂಚಿಕೆ. ಜೂಜು ಎಂದು ಯಾರಾದರೂ ಇದನ್ನು ಕರೆದರೆ ನಾನು ಒಪ್ಪುವುದಿಲ್ಲ. ಗೆದ್ದದ್ದನ್ನು ಒಬ್ಬನೇ ಮನೆಗೆ ಒಯ್ದದ್ದನ್ನು ನಾನು ನೋಡಿಲ್ಲ.

ಇಡೀ ಬಟ್ಟಲ ಕೊಬ್ಬರಿ ನಮ್ಮ ಪಾಲಿಗೆ ಬಂದರೆ ಬಾಯಿಗೆ ಹೋಗುವ ಮೊದಲು ಅದು ಬುಗರಿಯಾಗಬೇಕು. ನಡುವೆ ಎರಡು ತೂತು ಕೊರೆದು, ದಾರ ಪೋಣಿಸಿ, ಎರಡೂ ಕೈಬೆರಳಿಗೆ ಸಿಕ್ಕಿಸಿ, ಗಿರಗಿರ ಸುತ್ತಿ ಎಳೆದರೆ ಕೊಬ್ಬರಿ ಗುಂಯ್ ಎಂದು ತಿರುಗುತ್ತಿತ್ತು. ಹಬ್ಬದ ಮೂರು ದಿನ ಓಣಿ ತುಂಬ ಅದೇ ಸಪ್ಪಳ. ಬಟ್ಟಲಿಗೆ ಬಟ್ಟಲು ತಾಗಿಸಿ ಅಂಚು ಮುರಿಯುವ ಪಂದ್ಯ ಬೇರೆ. ಮುರಿದ ಚೂರು ಗೆದ್ದವನ ಬಾಯಿಗೆ.

ಹೆಣ್ಣುಮಕ್ಕಳ ಆಟ ಮನೆಯ ಕಟ್ಟೆ ದಾಟುತ್ತಿದ್ದುದು ಕಡಿಮೆ. ಐದು ಕಲ್ಲಿನಾಟ, ಕುಂಟಾಟ, ಗುಳಿಮನಿ, ಹುಣಸಿ ಬೀಜ ಸೀಳಿ ಮಾಡಿದ ದಾಳಗಳ ಚೌಕಾಬಾರ. ಇಪ್ಪತ್ತೈದು ಮನೆಗಳ ಆ ಪಟವನ್ನು ನಮ್ಮ ಆಯಿ ಪಡಸಾಲೆಯ ಹಾಸುಗಲ್ಲಿನಲ್ಲೇ ಕೆತ್ತಿಸಿದ್ದಳು. ನಾಲ್ಕೂ ಬಿಳಿ ಬಿದ್ದರೆ ಚೌಕಾ, ನಾಲ್ಕೂ ಕಪ್ಪು ಬಿದ್ದರೆ ಬಾರಾ, ಎಂಟು ಮನೆ. ಬಳೆಚೂರು, ಕವಡಿ, ಕಡ್ಡಿ, ಕಾಳು ಇವೇ ಕಾಯಿಗಳು. ಬೀಸಿ, ಬಡಿದು, ನೀರು ಹೊತ್ತು, ಹೊಲದಿಂದ ಬಂದು, ಮಧ್ಯಾಹ್ನ ಸಿಕ್ಕ ಒಂದು ತಾಸಿನಲ್ಲಿ ಅವರು ಅಷ್ಟು ನಗುತ್ತಿದ್ದರು. ನನ್ನ ಜತೆಯ ಹುಡುಗಿಯರ ಆಟ ಹನ್ನೆರಡು ಹದಿಮೂರಕ್ಕೆ ನಿಂತು ಹೋಗುತ್ತಿತ್ತು. ಹಳೆಯ ದಿನಗಳನ್ನು ಹೊಗಳುವಾಗ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ಅವರ ಹಾಡುಗಳಿಗಾದರೂ ಪುಣ್ಯವಿತ್ತು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಗೆಳೆಯರ ಬಳಗ ಬೀಸುವ ಕಲ್ಲಿನ ಮುಂದೆ, ಜೋಕಾಲಿಯ ಕೆಳಗೆ ಕೂತು ಹೆಂಗಸರ ಹಾಡು ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’ ಬಂತು, ಆಮೇಲೆ ‘ಮಲ್ಲಿಗೆ ದಂಡೆ’. ನಮ್ಮ ಈ ನಾಲ್ಕು ತಾಲೂಕುಗಳ ಆಟಗಳಿಗೆ ಅಷ್ಟು ಅಕ್ಕರೆಯ ಕೈಗಳು ಒದಗಲಿಲ್ಲ ಎಂಬ ಕೊರಗು ನನಗಿದೆ. ಹಾಡು ಬಾಯಿಂದ ಬಾಯಿಗೆ ಬಂದೀತು. ಆಟಕ್ಕೆ ಆಡುವವರೇ ಬೇಕು. ಒಂದು ತಲೆಮಾರು ಆಡದಿದ್ದರೆ ಅದರ ಕಟ್ಟಳೆಗಳು ಅಲ್ಲಿಗೇ ಮುಗಿದವು.

ಚಳಿಗಾಲಕ್ಕೆ ಜೋಳ ತಲೆಮಟ್ಟ. ಸೀತನಿ ಸುಡುವ ದಿನಗಳಲ್ಲಿ ಹೊಲವೇ ಅಂಗಳ. ದಂಟಿನ ಬೆಂಡು ಬಿಡಿಸಿ ಎತ್ತಿನಗಾಡಿ, ಚಸ್ಮಾ, ತಕ್ಕಡಿ ಮಾಡುತ್ತಿದ್ದೆವು. ಗಾಡಿಗೆ ಗಾಲಿ, ನೊಗ, ಈಸು ಎಲ್ಲ ಇರಬೇಕು. ಒಂದು ಕಡಿಮೆಯಾದರೂ ಅಪ್ಪ ಎತ್ತಿ ನೋಡಿ “ಕೀಲ ಎಲ್ಲೇತಿ?” ಎಂದು ಕೇಳುತ್ತಿದ್ದ. ರಾಶಿಯ ಕಾಲಕ್ಕೆ ಬೆಳದಿಂಗಳಲ್ಲಿ ಕಣದ ಸಗಣಿ ಸಾರಿಸಿದ ನೆಲದ ಮೇಲೆ ಹುತುತು. ಬಣವಿಯ ಸುತ್ತ ಕಣ್ಣುಮುಚ್ಚಾಲೆ. ಅದೇ ಹುತುತು 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿಯಾಗಿ ಹೋಯಿತು, 2014ರಿಂದ ಟಿವಿಯ ಪ್ರೊ ಕಬಡ್ಡಿಯಾಯಿತು. ಹಳ್ಳಿ ಆಟಗಳಲ್ಲಿ ದೊಡ್ಡ ಮಾನ ಸಿಕ್ಕದ್ದು ಅದಕ್ಕೇ. ಟಿವಿಯಲ್ಲಿ ನೋಡುವಾಗ ನನ್ನ ಉಸಿರು ಇಂದಿಗೂ ತಾನೇ ಕಟ್ಟುತ್ತದೆ.

ಬಾಗೇವಾಡಿಗೆ ಬಂದ ಮೇಲೆ ನನಗೆ ಕುಸ್ತಿಯ ಹುಚ್ಚು ಹತ್ತಿತು. ಬಸವಣ್ಣನವರ ಊರಿನ ಶ್ರಾವಣದ ಜಾತ್ರೆ ಅಂದರೆ ಸುತ್ತಲಿನ ಪೈಲವಾನರೆಲ್ಲ ಅಲ್ಲಿ. ನಮ್ಮದು ಕರಿನೆಲ. ಕುಸ್ತಿಯ ಕಣಕ್ಕೆ ಕೆಮ್ಮಣ್ಣು ಗಾಡಿ ಮೇಲೆ ತರಿಸಬೇಕು. ಅದನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬಿರಸ ಹಾಕಿ ಹದ ಮಾಡುತ್ತಿದ್ದರು. ಗರಡಿಮನೆಯ ಆ ವಾಸನೆ ನನಗೆ ಇಂದಿಗೂ ಯಾವ ಅತ್ತರಿಗಿಂತ ಹೆಚ್ಚು. ಮೊದಲು ನಮ್ಮಂಥ ಹುಡುಗರ ಕಾಯಿಕುಸ್ತಿ, ಗೆದ್ದರೆ ಒಂದು ತೆಂಗಿನಕಾಯಿ. ಹೊತ್ತು ಇಳಿದ ಮೇಲೆ ದೊಡ್ಡ ಜೋಡಿ, ಕಡೆಯ ಜೋಡಿಗೆ ಬೆಳ್ಳಿ ಕಡೆ. ಬೇರೆ ಬೇರೆ ಊರ ಜಾತ್ರೆಗಳಲ್ಲಿ ತೆರಬಂಡಿ, ಗುಂಡು ಎತ್ತುವುದು, ಜೋಳದ ಚೀಲ ಹಲ್ಲಿನಲ್ಲಿ ಕಚ್ಚಿ ಎತ್ತುವುದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಜಿಲ್ಲಾ ಕೇಂದ್ರದಲ್ಲಿ ಕುಸ್ತಿ, ಭಾರ ಎತ್ತುವ ಪಂದ್ಯ ಇಂದಿಗೂ ನಡೆಯುತ್ತವೆ. ಮೊಹರಮ್ಮಿನ ಹೆಜ್ಜೆ ಕುಣಿತದಲ್ಲಿ ಗೆಜ್ಜೆ ಕಟ್ಟಿದವರ ಜಾತಿ ಯಾರೂ ಕೇಳುತ್ತಿರಲಿಲ್ಲ. ಗರಡಿಯಲ್ಲೂ ಹಾಗೇ.

ಅಕ್ಕನ ಊರಿನಲ್ಲಿ ಬ್ಯಾಸಿಗಿ ರಜೆ ಎಂದರೆ ಕೃಷ್ಣಾ ಹೊಳೆ. ನೀರು ಇಳಿದು ಉಸುಕು ಬಿದ್ದಲ್ಲಿ ಸೌತೆ, ಕಲ್ಲಂಗಡಿಯ ಬಳ್ಳಿ. ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಈಸು ಕಲಿತದ್ದು ಅಲ್ಲೇ, ಭಾವ ಕಲಿಸಿದ. ಉಸುಕಿನಲ್ಲಿ ಹುತುತು ಆಡಿದರೆ ಬಿದ್ದರೂ ನೋವಿರಲಿಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟು ಮುಂದೆ ಎದ್ದು ನಿಂತಿತು. ಕಾಲುವೆ ಬಂತು, ಕಬ್ಬು ಬಂತು, ಬರದ ನಾಡಿಗೆ ನೀರು ಬಂತು. ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿ, ಮೇಲೆ ಸಾಲುಮನೆಗಳ ಹೊಸ ಊರು ಎದ್ದವು. ಹೊಸ ಊರಿಗೆ ಮನೆ ಬಂದವು, ಗುಡಿ ಬಂತು, ಸಾಲಿ ಬಂತು. ಅಗಸಿಯ ಮುಂದಿನ ಬಯಲು, ದೊಡ್ಡ ಹುಣಸಿ ಗಿಡ, ಉಸುಕಿನ ದಂಡೆ ಯಾರ ಪರಿಹಾರದ ಯಾದಿಯಲ್ಲೂ ಇರಲಿಲ್ಲ.

ಹೊಸ ಆಟಗಳು ಬಂದವು. ಬಾಡಿಗೆ ಸೈಕಲ್ಲು ಮೊದಲು. ತಾಸಿನ ಲೆಕ್ಕಕ್ಕೆ ತಂದು, ಸೀಟಿಗೆ ಕಾಲು ನಿಲುಕದೆ, ನಡುವಿನ ದಾಂಡಿನ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆಯುವುದು. ಒಬ್ಬನ ಬಾಡಿಗೆಯಲ್ಲಿ ಐದು ಜನರ ಸವಾರಿ. ಮುಂದೆ ಈ ಜಿಲ್ಲೆಯ ಹಳ್ಳಿಗಳಿಂದಲೇ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಸಾಲುಸಾಲಾಗಿ ಬಂದರು. ಸಮತಟ್ಟಾದ ಉದ್ದನೆ ರಸ್ತೆ, ಬಿಸಿಲಿಗೆ ಬೆದರದ ಮೈ, ಇವೆರಡರ ಪಾಲು ಅದರಲ್ಲಿದೆ ಎಂದು ನನ್ನ ನಂಬಿಕೆ. 1983ರ ಜೂನ್ 25ರ ರಾತ್ರಿ ಹೋಟೆಲಿನ ರೇಡಿಯೊ ಸುತ್ತ ನಿಂತು ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದ ಸುದ್ದಿ ಕೇಳಿದೆವು. ಮರುದಿನದಿಂದ ಅರಿವಿ ಒಗೆಯುವ ಬಡಿಗೆಗಳು ಬ್ಯಾಟಾದವು, ಚಿಣಿಫಣಿ ಜಂತಿಗೆ ಸೇರಿತು. ನನಗೆ ಕ್ರಿಕೆಟ್ಟಿನ ಮೇಲೆ ಸಿಟ್ಟಿಲ್ಲ. ಬಿಜಾಪುರದಲ್ಲಿ 1991ರಲ್ಲಿ ಹುಟ್ಟಿದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್ ಕೊಟ್ಟು 5 ವಿಕೆಟ್ ಕಿತ್ತ ದಿನ, ಹದಿಮೂರಕ್ಕೇ ಆಟ ನಿಲ್ಲಿಸಿದ ನನ್ನ ಜತೆಯ ಹುಡುಗಿಯರೆಲ್ಲ ನೆನಪಾದರು. ದೊಡ್ಡಕ್ಕನಿಗೆ ಫೋನು ಮಾಡಿ ಹೇಳಿದೆ. “ನಮ್ಮ ಕಡೆ ಹುಡಿಗೇನೋ ಅಕೀ?” ಎಂದು ಮತ್ತೆ ಮತ್ತೆ ಕೇಳಿದಳು.

ಈಗ ಊರಿಗೆ ಹೋದರೆ ಅಗಸಿಯ ಕಟ್ಟೆಯ ಮೇಲೆ ಹುಡುಗರು ಮೊಬೈಲ್ ಹಿಡಿದು ಕೂತಿರುತ್ತಾರೆ. ಅದರಲ್ಲಿ ಲೂಡೊ ಇದೆ, ನಮ್ಮ ಪಗಡಿಯ ಬಳಗವೇ. ನಾನೂ ಮೊಮ್ಮಕ್ಕಳ ಜತೆ ಕೂತು ಆಡುತ್ತೇನೆ, ಖುಷಿಯಾಗುತ್ತದೆ. ಆದರೆ ದುಡ್ಡು ಕಟ್ಟಿ ಆಡುವ ಆಟಗಳಿಂದ ಹೊಲ ಮಾರುವ ಸ್ಥಿತಿಗೆ ಬಂದ ಮನೆಗಳನ್ನೂ ನೋಡಿದ್ದೇನೆ. 2025ರ ಆಗಸ್ಟ್‌ನಲ್ಲಿ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದದ್ದು ಒಳ್ಳೆಯದಾಯಿತು. ಹುಡುಗರನ್ನು ಬೈಯುವವರ ಜತೆ ಮಾತ್ರ ನಾನು ದನಿಗೂಡಿಸಲಾರೆ. ಅವರು ಎಲ್ಲಿ ಆಡಬೇಕು? ರಾಶಿಯನ್ನು ಮಷೀನು ಹೊಲದಲ್ಲೇ ಮುಗಿಸುತ್ತದೆ, ಕಣ ಇಲ್ಲ. ಗುಡಿ ಮುಂದೆ ಸಿಮೆಂಟು, ಬುಗರಿಯ ಮೊಳೆ ಜಾರುತ್ತದೆ, ಗೋಲಿಗೆ ಕುಣಿ ತೋಡಲಾಗುವುದಿಲ್ಲ. ಗಾಯರಾಣದಲ್ಲಿ ನೀರಿನ ಟಾಕಿ, ಅಂಗನವಾಡಿ, ಮನೆಗಳು ಬಂದವು. ಅವೆಲ್ಲ ಬೇಕಾದವೇ. ಉಳಿದದ್ದನ್ನು ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಹಾಕಿಕೊಂಡರು, ಯಾರೂ ಕೇಳಲಿಲ್ಲ.

ಕೇಳಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ನನ್ನ ವಾರಿಗೆಯವರೇ, ನಿಮ್ಮೂರಿನ ಗಾಯರಾಣದ ಉತಾರ ತೆಗೆಸಿ ನೋಡಿ. ಒಂದೆರಡು ಎಕರೆಯಾದರೂ ಉಳಿದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು, ಮಕ್ಕಳ ಆಟದ ಬಯಲು ಎಂದು ಠರಾವು ಮಾಡಿಸಿ. ಮುಂದಿನ ಪಂಚಮಿಗೆ ಒಂದು ಚೀಲ ಹಸಿರು ಲಿಂಬಿ ತಂದು, ಹುಡುಗಿಯರನ್ನೂ ಕರೆದು, ಒಗೆಯುವುದು ಹೇಗೆಂದು ನೀವೇ ನಿಂತು ತೋರಿಸಿ.